ಎಡಗಡೆ ಸೀಟಿನ ಭಾರ

ಶುಕ್ರವಾರ, ಶೆಡ್ಡಿನಿಂದ

ಎಡಗಡೆ ಸೀಟಿನ ಯಜಮಾನರಿಗೆ,

ನೀವು ಚೆನ್ನಾಗಿಯೇ ಇರುತ್ತೀರಿ. ನಿಮ್ಮಕ್ಕನ ಕೈಯೂಟ ಉಂಡವರು ಯಾರು ಸೊರಗಿದ್ದಾರೆ? ಜಗಳ ಮುಂದುವರಿಸಲು ಬರೆಯುತ್ತಿಲ್ಲ. ಗಾಡಿ ಮಾರೋಣ ಅಂದಿರಿ, ಸತ್ತರೂ ಮಾರಲ್ಲ ಅಂದೆ, ಬ್ಯಾಗು ಹಿಡಿದು ಹೊರಟಿರಿ. ಅದು ಅಲ್ಲಿಗಿರಲಿ.

ನಾವಿಬ್ಬರೂ ಕೈಯಾರೆ ಕಟ್ಟಿದ ಜೀಪಿಗೆ, ಬಂಡೆಗೆ ಹೊಟ್ಟೆ ತಗಲದಿರಲಿ ಅಂತ ಎತ್ತರದ ಸ್ಪ್ರಿಂಗ್ ಹಾಕಿದೆ. ಹಾಕಿದ್ದೇ ತಡ, ಹಿಂದಿನ ಆಕ್ಸಲ್ ಬಲಕ್ಕೆ ಜರುಗಿ ಕೂತಿತು. ಒಂದು ಚಕ್ರ ಹೊರಗೆ ಇಣುಕುತ್ತದೆ, ಇನ್ನೊಂದು ಒಳಗೆ ಅಡಗುತ್ತದೆ. ಆಕ್ಸಲನ್ನು ಅಡ್ಡಡ್ಡ ಹಿಡಿದಿಡುವ ಸರಳಿನ ಉದ್ದ ತಿದ್ದಬೇಕಿತ್ತು. ಗಾಡಿಯನ್ನು ಸ್ಟ್ಯಾಂಡಿನ ಮೇಲೆತ್ತಿ, ಚಕ್ರ ನೇತಾಡುತ್ತಿರುವಾಗಲೇ ಅಳೆದು ಬಿಗಿ ಮಾಡಿದೆ. ಕೆಳಗಿಳಿಸಿದರೆ ಮತ್ತೆ ಸೊಟ್ಟ. ಎಷ್ಟು ಜರುಗಿದೆ ನೋಡ್ರೀ ಅಂತ ಹಿಂತಿರುಗಿ ಕೇಳಿಯೂಬಿಟ್ಟೆ. ಶೆಡ್ಡಿನಲ್ಲಿ ಯಾರಿದ್ದಾರೆ ಹೇಳಲು? ಬಹಳ ಬೇಜಾರಾಯಿತು, ಸ್ಪ್ಯಾನರ್ ಕೆಳಗಿಟ್ಟುಬಿಟ್ಟೆ.

ಪಕ್ಕದ ಟೈರಿನಂಗಡಿ ಅಣ್ಣ ಬಂದು ನೋಡಿ, ಗಾಡಿ ಓಡೋದು ನೆಲದ ಮೇಲೆ ಕಣಮ್ಮ, ಗಾಳಿಯಲ್ಲಲ್ಲ, ಚಕ್ರ ಊರಿಸಿ ಅಳತೆ ಹಿಡಿ ಅಂತ ನಕ್ಕರು. ಸ್ಪ್ರಿಂಗ್ ಇಷ್ಟು ಮೆತ್ತಗಿದ್ದರೆ ಕೂರುವವರ ಭಾರವನ್ನೂ ಇಟ್ಟೇ ನೋಡಬೇಕಂತೆ. ಹಾಗೆಯೇ ಮಾಡಿದೆ. ಎರಡೂ ಕಡೆ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ಅಳೆದೆ. ಈಗ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಭಾನುವಾರ ಕಲ್ಲುಗುಡ್ಡ ಹತ್ತುವ ಓಟ. ಗಾಡಿಗೆ ಇಬ್ಬರಿರಲೇಬೇಕು, ಇಲ್ಲದಿದ್ದರೆ ಬಿಡುವುದಿಲ್ಲ, ನಿಮಗೆ ಗೊತ್ತೇ ಇದೆ. ಎಡಗಡೆ ಯಾರು ಅಂತ ಓಟದವರು ಕೇಳಿದರು, ನೋಡ್ತೀನಿ ಅಂದೆ. ಟೈರಿನಂಗಡಿ ಅಣ್ಣ ತಾವೇ ಬರ್ತೀನಿ ಅಂದರು, ಬೇಡ ಅಂದೆ. ಹಾಗಂತ ನೀವು ಬರಲೇಬೇಕೆಂದೇನಿಲ್ಲ. ಇಲ್ಲಿ ಎಲ್ಲ ನಡೆಯುತ್ತಿದೆ. ಒಬ್ಬಳಿಗೇ ಅಂತ ಅಡುಗೆ ಮಾಡಲು ಮಾತ್ರ ಕೈ ಏಳುವುದಿಲ್ಲ.

ಇಂತಿ, ಇನ್ನೂ ನಿಮ್ಮವಳೇ ಆದ
ಬಲಗಡೆ ಸೀಟಿನವಳು

ತಾ.ಕ.: ಗಾಡಿಯಡಿ ನಾನೇ ಇರಬೇಕಿತ್ತಲ್ಲ, ಅದಕ್ಕೆ ಭಾರಕ್ಕೆಂದು ಎರಡು ಮರಳಿನ ಮೂಟೆ ಕೂರಿಸಿದ್ದೆ. ಬಲಕ್ಕೆ ನನ್ನ ತೂಕದ್ದು, ಎಡಕ್ಕೆ ನಿಮ್ಮದು. ಅಕ್ಕನ ಮನೆಯಲ್ಲಿ ಮೈ ಬಂದಿದ್ದರೆ ತಿಳಿಸಿ, ಮತ್ತೆ ತಿದ್ದಬೇಕು. ನನ್ನ ಮೂಟೆ ಇಳಿಸಿದ್ದೇನೆ. ನಿಮ್ಮದು ಬೆಲ್ಟ್ ಹಾಕಿಕೊಂಡು ಅಲ್ಲೇ ಇದೆ. ನಿನ್ನೆ ಅದನ್ನು ಕೂರಿಸಿಕೊಂಡೇ ಒಂದು ಸುತ್ತು ಹೋಗಿ ಬಂದೆ. ಗಾಡಿ ನೇರ ಹೋಯಿತು. ಆದರೆ ತಿರುವು ಬಂದಾಗ ನಿಧಾನ ಕಣೇ ಅಂತ ಮೂಟೆ ಒಮ್ಮೆಯೂ ಅನ್ನಲಿಲ್ಲ. ಅದನ್ನು ನಾನು ಇಳಿಸಲಾರೆ. ಭಾನುವಾರದೊಳಗೆ ನೀವೇ ಬಂದು ಇಳಿಸಿ.