ಕೆಳಗಿನ ತುದಿಗೆ ಐವತ್ತೈದು ಕಿಲೋ

ಮಾರ್ಚ್ 4, ಸೋಮವಾರ

ರಾತ್ರಿ ಊಟಕ್ಕೆ ಮೂರು ಮೊಟ್ಟೆ. ಎರಡನೆಯದು ಗಂಟಲಲ್ಲೇ ನಿಂತಿತು, ನೀರು ಕುಡಿದು ತಳ್ಳಿದೆ. ಮೂರನೆಯದನ್ನು ಅತ್ತಿಗೆ ನೋಡುತ್ತಿದ್ದರು ಅಂತ ತಿಂದೆ.

ಇವತ್ತು ಖಾಲಿ ಮಾಡಿದ ಮನೆಯಲ್ಲಿ ವ್ಯಾಯಾಮದ ಸೈಕಲ್ ಇತ್ತು. ಅದರ ಮೇಲೆ ಒದ್ದೆ ಟವೆಲ್, ಎರಡು ಬನಿಯನ್. ಆ ಮನೆ ಯಜಮಾನರ ಹೊಟ್ಟೆ ಮೊದಲು ಬಾಗಿಲು ದಾಟುತ್ತದೆ, ಆಮೇಲೆ ಯಜಮಾನರು. "ಹುಷಾರಪ್ಪಾ, ತುಂಬಾ ದುಬಾರಿ ಅದು." ಹೌದು. ಇಷ್ಟು ದುಬಾರಿ ಬಟ್ಟೆ ಒಣಗಿಸುವ ಹಗ್ಗ ನಾನೂ ನೋಡಿರಲಿಲ್ಲ.

ಮನೆ ಸಾಮಾನು ಸಾಗಿಸುವ ಕಂಪನಿ ನಮ್ಮದು. ನಾನು ಕಪ್ಪು ಬಸಿ ಸುತ್ತುವವನು. ಹಳೇ ಪೇಪರು, ಟೇಪು, ರಟ್ಟಿನ ಪೆಟ್ಟಿಗೆ. ಹೊರುವವರು ಅಣ್ಣ ಮತ್ತು ನಾವೆಲ್ಲ ಗೂಳಿ ಅನ್ನುವವನು. ಮೂರನೇ ಮಹಡಿಯಿಂದ ಬೀರು ಇಳಿಸಿದರು. ಮೆಟ್ಟಿಲಲ್ಲಿ ಭಾರವೆಲ್ಲ ಕೆಳಗಿನ ತುದಿ ಹಿಡಿದವನ ಮೇಲೆ. ಕೆಳಗೆ ಯಾವಾಗಲೂ ಅಣ್ಣ. ಗೂಳಿ ತೊಂಬತ್ತು ಕಿಲೋ. ಮೇಲೆ ನಿಂತು ಉಸ್ಸಪ್ಪಾ ಅನ್ನುವುದೂ ಅವನೇ. ಸಂಜೆ ಹೊತ್ತಿಗೆ ಅಣ್ಣನ ಬಲ ಮೊಣಕಾಲು ಬನ್ನಿನ ಹಾಗೆ ಊದಿತ್ತು.

ಮೇಸ್ತ್ರಿಯನ್ನು ಕೇಳಿದೆವು. ಅಂದರೆ ಅಣ್ಣ ಕೇಳಿದ, ನಾನು ಪಕ್ಕದಲ್ಲಿ ನಿಂತಿದ್ದೆ.

"ತಮ್ಮನನ್ನ ನನ್ ಜೋಡಿ ಹಾಕಿ. ಕೆಳಗಿನ ತುದಿ ಅವನು ಹಿಡೀತಾನಂತೆ."

ಮೇಸ್ತ್ರಿ ನನ್ನನ್ನು ಗೋಡೌನಿನ ತೂಕದ ಯಂತ್ರದ ಮೇಲೆ ನಿಲ್ಲಿಸಿದ. 49.2.

"ಗಾಳಿ ಬೀಸಿದ್ರೆ ಸಾಮಾನು ಬಿಟ್ಟು ಇವನನ್ನೇ ಹಗ್ಗ ಹಾಕಿ ಕಟ್ಟಬೇಕಲ್ಲಯ್ಯಾ! ಐವತ್ತೈದು ಆಗ್ಲಿ, ಆಮೇಲೆ ಬಾ."

ಎಲ್ಲರೂ ನಕ್ಕರು. ಗೂಳಿ, ನಗು ಮುಗಿದ ಮೇಲೂ ನಕ್ಕ.

ಆಗ್ತೀನಿ.

ಮಾರ್ಚ್ 9

ಜಿಮ್ ಸಾಮಾನಿನ ಅಂಗಡಿ. ಮೈ ಬರಿಸುವ ಪುಡಿಯ ಡಬ್ಬ, ನನ್ನ ತಲೆಗಿಂತ ದೊಡ್ಡದು. ಮೇಲೆ ಕುತ್ತಿಗೆಯೇ ಇಲ್ಲದ ಒಬ್ಬ ಗಂಡಸಿನ ಚಿತ್ರ. ಉಳಿದದ್ದೆಲ್ಲ ಇಂಗ್ಲಿಷು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಚಿತ್ರವೇ ಗತಿ.

"ಒಂದೇ ತಿಂಗಳು ಬ್ರದರ್. ಕನ್ನಡಿ ನಿಮ್ಮ ಗುರುತು ಹಿಡಿಯಲ್ಲ."

ಹೇಳಿದವನ ತೋಳು ಪಡವಲಕಾಯಿ. ಇವನ ಕನ್ನಡಿ ಇವನನ್ನು ಚೆನ್ನಾಗಿಯೇ ಗುರುತು ಹಿಡಿಯುತ್ತಿರಬೇಕು. ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳುವವನಾಗಿದ್ದರೆ ಡಬ್ಬ ತರುತ್ತಲೇ ಇರಲಿಲ್ಲ.

ಮಾರ್ಚ್ 13

48.4. ಪುಡಿ ಕುಡಿದು ಮೂರು ದಿನದಿಂದ ಹೊಟ್ಟೆ ಕೆಟ್ಟಿದೆ. ಯಾರದೋ ಮನೆ ಸಾಮಾನು ಕಟ್ಟುತ್ತ ಅವರದೇ ಕಕ್ಕಸಿಗೆ ನಾಲ್ಕು ಸಲ ಹೋದೆ. ಮನೆಯಾಕೆ ಮೂಗಿಗೆ ಸೆರಗು ಹಿಡಿದಿದ್ದರು.

ಗೂಳಿ ಬಾಗಿಲ ಹೊರಗಿನಿಂದ: "ಏನೋ ಕಡ್ಡಿ, ಪೈಲ್ವಾನ ಒಳಗೆ ಹೋದ, ಕೆಳಗಡೆ ಇಳಿದು ಹೋಗ್ತಿದಾನಲ್ಲೋ!"

ವರ್ಷಕ್ಕೊಂದು ಸಲ ತಲೆ ಓಡುತ್ತದೆ ಅವನಿಗೆ. ಅದೂ ಇವತ್ತೇ ಓಡಬೇಕಿತ್ತು.

ಮಾರ್ಚ್ 16

ಆಸ್ಪತ್ರೆ. ಎರಡು ಗಂಟೆ ಸಾಲು. ಕೊನೆಗೆ ಸಿಕ್ಕಿದ್ದು ನರ್ಸಮ್ಮ, ಕನ್ನಡಕದ ಮೇಲಿಂದ ನೋಡುವ ಜಾತಿ.

"ದಿನಕ್ಕೆ ಎಷ್ಟು ಸಲ ತಿಂತೀಯ?"

"ಎರಡು."

"ಹೊರೋರ ಜೊತೆ ಕೆಲಸ, ಎರಡು ಹೊತ್ತು ಊಟ. ಮೈ ಎಲ್ಲಿಂದ ಬರ್ಬೇಕು, ಆಕಾಶದಿಂದಾನಾ?"

ಐದು ಸಲ ತಿನ್ನಬೇಕಂತೆ, ಸ್ವಲ್ಪ ಸ್ವಲ್ಪ. ಅನ್ನದ ಜೊತೆ ಬೇಳೆ ಗಟ್ಟಿಯಾಗಿ. ಮೊಟ್ಟೆ, ಹಾಲು, ಮೊಸರು, ಬಾಳೆಹಣ್ಣು, ಒಂದು ಹಿಡಿ ಕಡಲೆಬೀಜ. ವಾರಕ್ಕೆ ಮೂರು ದಿನ ಭಾರ ಎತ್ತಬೇಕು, ನಿಧಾನಕ್ಕೆ, ದಿನಾ ಅಲ್ಲ. ಎಂಟು ಗಂಟೆ ನಿದ್ದೆ. ವಾರಕ್ಕೆ ಅರ್ಧ ಕಿಲೋ ಏರಿದರೆ ಸಾಕು. ಪುಡಿ ಎಮ್ಮೆಗೆ ಹಾಕು ಅಂದರು.

ಇಷ್ಟು ಕೇಳಲು ಎರಡು ಗಂಟೆ ನಿಂತೆ. ಅತ್ತಿಗೆ ಇದನ್ನೇ ಪುಕ್ಕಟೆ ಹೇಳುತ್ತಿದ್ದರು.

ಏಪ್ರಿಲ್ 2

50.1. ತಿನ್ನುವುದು ಇನ್ನೊಂದು ಕೂಲಿ. ಹಸಿವು ಬರುವ ಮೊದಲೇ ತಟ್ಟೆ ಬರುತ್ತದೆ. ಬಾಳೆಹಣ್ಣು ಕಂಡರೆ ಸಿಟ್ಟು.

ಅಕ್ಕಿ ಮೂಟೆ ತಬ್ಬಿಕೊಂಡು ಕೂತು ಏಳುತ್ತೇನೆ. ಅತ್ತಿಗೆ ಅಡುಗೆಮನೆಯಿಂದ: "ನನ್ನ ಅಕ್ಕಿ ಜೊತೆ ಏನಪ್ಪಾ ಸರಸ? ಮೂಟೆ ಹರಿದ್ರೆ ನೀನೇ ಆರಿಸ್ಬೇಕು."

ಬೆಳಗ್ಗೆ ಮೊಟ್ಟೆ ಸುಲಿಯುವುದು ಅಣ್ಣ. ಒದ್ದೆ ಕೈಯಲ್ಲಿ, ಸಿಪ್ಪೆಗೆ ಅರ್ಧ ಬಿಳಿ ಅಂಟಿಸಿಕೊಂಡು. ಸುಲಿಯುವ ಕೈಯಲ್ಲ ಅದು. ಆದರೂ ಬಿಡುವುದಿಲ್ಲ. "ತಿನ್ನೋ. ನನ್ ಕಾಲು ಕಾಯ್ತಾ ಇದೆ" ಅನ್ನುತ್ತಾನೆ. ತಮಾಷೆಯಂತೆ.

ಏಪ್ರಿಲ್ 27

52. ಅಂಗಿಯ ತೋಳು ಬಿಗಿ. ಯಾರಿಗೂ ಕಾಣುವುದಿಲ್ಲ, ನನಗೆ ಕಾಣುತ್ತದೆ. ಕನ್ನಡಿ ಮುಂದೆ ತೋಳು ಮಡಚಿದೆ. ಥೂ, ಡಬ್ಬದ ಮೇಲಿನವನ ಹಾಗೆಯೇ ಮುಖ ಮಾಡಿದ್ದೆ.

ಅಣ್ಣ ಈಗ ಮೆಟ್ಟಿಲನ್ನು ಒಂದೊಂದಕ್ಕೂ ಎರಡೂ ಕಾಲು ಇಟ್ಟು ಇಳಿಯುತ್ತಾನೆ, ಚಿಕ್ಕ ಮಕ್ಕಳ ಹಾಗೆ. ಮೇಸ್ತ್ರಿ ಬಂದರೆ ಮಾತ್ರ ನೆಟ್ಟಗೆ.

ಮೇ 24, ಶುಕ್ರವಾರ, ಮಧ್ಯಾಹ್ನ

55.3!

ಸಾಮಾನು ಗೋಡೌನಿಗೆ ಇಳಿಸಿದ ತಕ್ಷಣ ಮೇಸ್ತ್ರಿ ಕರೆದ. ಚಪ್ಪಲಿ ಬಿಟ್ಟು ನಿಂತೆ. ಮುಳ್ಳು ದಾಟಿತು. ಅಣ್ಣ ನನ್ನ ಬೆನ್ನಿಗೆ ಗುದ್ದಿದ, ನೋವಾಗುವಷ್ಟು.

ಆಮೇಲೆ ಮೇಸ್ತ್ರಿ ಹಲ್ಲು ಕೆದಕುತ್ತ: "ಸರಿ. ಸೋಮವಾರದಿಂದ ನೀನು ಗೂಳಿ ಜೋಡಿ. ಕೆಳಗಿನ ತುದಿ." ಅಣ್ಣನ ಕಡೆ ತಿರುಗಿದ. "ನೀನು ಕೂತು ಕಪ್ಪು ಬಸಿ ಸುತ್ತು. ನೀನು ಕಾಲು ಎಳ್ಕೊಂಡು ನಡೆಯೋದು ನಾನು ನೋಡಿಲ್ಲ ಅಂದ್ಕೊಂಡ್ಯಾ? ಇವನು ತಯಾರಾಗ್ಲಿ ಅಂತ ಕಾಯ್ತಿದ್ದೆ."

ಅಣ್ಣ "ಆಯ್ತು" ಅಂದ. ಹದಿನಾಲ್ಕು ವರ್ಷ ಹೊತ್ತವನು.

ಅವನ ಜೊತೆ ನಿಲ್ಲಲು ತಿಂದೆ. ಅವನ ಜಾಗವನ್ನೇ ತಿಂದೆ. ಅದೂ ಅವನೇ ಸುಲಿದು ಕೊಟ್ಟ ಮೊಟ್ಟೆಯಲ್ಲಿ.

ಸಂಜೆ

ಪ್ಯಾಂಟು ಬಿಚ್ಚಿದಾಗ ನೆಲಕ್ಕೆ ದಡಾರನೆ ಬಿತ್ತು. ಬೋಲ್ಟುಗಳು. ಬೆಳಗ್ಗೆ ಬಿಚ್ಚಿದ ದೊಡ್ಡ ಮಂಚದ್ದು, ಹದಿನಾರು. ಚೀಲಕ್ಕೆ ಹಾಕಿ ಮಂಚಕ್ಕೇ ಕಟ್ಟಬೇಕು, ಅದು ನಿಯಮ. ಅವಸರದಲ್ಲಿ ತೊಡೆಯ ಜೇಬಿಗೆ ಸುರಿದುಕೊಂಡಿದ್ದೆ. ಮೈ ಬಂದಿದೆ ಅನ್ನುವ ಜಂಬದಲ್ಲಿ ತೊಡೆಗೆ ಬಡಿಯುತ್ತಿದ್ದುದೂ ತಿಳಿಯಲಿಲ್ಲ.

ತರಕಾರಿಯವಳ ತಕ್ಕಡಿಯಲ್ಲಿ ಇಟ್ಟು ನೋಡಿದೆ. ಒಂದು ಕಿಲೋ ಇನ್ನೂರು ಗ್ರಾಂ.

ಅಂದರೆ ನಾನು 54.1.

ಹೇಳಿದರೆ ಅಣ್ಣ ಮತ್ತೆ ಮೆಟ್ಟಿಲಿಗೆ. ಆ ಕಾಲಿನಲ್ಲಿ. ಹೇಳದಿದ್ದರೆ ಅವನು ಬಸಿ ಸುತ್ತುತ್ತಾನೆ, ಗೂಳಿ ನೋಡಿ ನಗುತ್ತಾನೆ.

ಮೇ 26

ಅಣ್ಣ ಎರಡು ದಿನದಿಂದ ನನಗಿಂತ ಮೊದಲೇ ಉಂಡು ಮಲಗುತ್ತಾನೆ. ಮೊಟ್ಟೆ ಮಾತ್ರ ಸುಲಿದಿಟ್ಟಿದ್ದ.

ಮೇ 27, ಸೋಮವಾರ, ಮಧ್ಯಾಹ್ನ, ಲಾರಿಯಲ್ಲಿ

ಅದೇ ಮಂಚದವರ ಹೊಸ ಮನೆ. ಬೆಳಗ್ಗೆ ಗೂಳಿ ಜೊತೆ ಬೀರು ಹತ್ತಿಸಿದೆ. ತೊಡೆ ನಡುಗಿತು, ಬೀಳಿಸಲಿಲ್ಲ. "ಪರವಾಗಿಲ್ಲ ಕಣೋ ಕಡ್ಡಿ" ಅಂದ. ಅವನ ಶಹಭಾಸ್‌ಗಿರಿ ಯಾರಿಗೆ ಬೇಕಿತ್ತು.

ಬೋಲ್ಟುಗಳನ್ನು ಮರೆತು ಬಂದೆ ಅಂತ ಬರೆಯಲು ಹೊರಟಿದ್ದೆ. ಮರೆತಿಲ್ಲ. ಮನೆಯ ಪೆಟ್ಟಿಗೆಯಲ್ಲಿ ಬಟ್ಟೆಗಳ ಕೆಳಗೆ ಇಟ್ಟು ಬಂದೆ. ಬೋಲ್ಟು ಹೊರಗೆ ಬಂದರೆ ತೂಕದ ಗುಟ್ಟೂ ಹೊರಗೆ.

ಮಂಚ ಜೋಡಿಸುವುದು ಈಗ ಅಣ್ಣನ ಕೆಲಸ. ಮನೆಯಾಕೆ ಕೂಗಾಡಿದರು: "ನಾವೇನು ನೆಲದ ಮೇಲೆ ಮಲಗೋದಾ?" ಮೇಸ್ತ್ರಿ ಎಲ್ಲರೆದುರೇ: "ಹೊರಕ್ಕಾಗಲ್ಲ ಅಂತ ಕೂರಿಸಿದ್ರೆ, ನಾಲ್ಕು ಬೋಲ್ಟ್ ಕಾಯೋಕ್ಕೂ ಆಗಲ್ವೇನಯ್ಯಾ?"

ಅಣ್ಣ ನನ್ನನ್ನು ನೋಡಿದ. ಒಂದೇ ಸಲ.

"ತಮ್ಮ ಶುಕ್ರವಾರಾನೇ ನನ್ ಕೈಗೆ ಕೊಟ್ಟಿದ್ದ. ನಾನೇ ಎಲ್ಲೋ ಹಾಕ್ಬಿಟ್ಟೆ."

ಕೊಟ್ಟಿರಲಿಲ್ಲ. ಅದು ಅವನಿಗೂ ಗೊತ್ತು. ನಾನು ಬೀರಿಗೆ ಕಟ್ಟಿದ್ದ ಹಗ್ಗ ಸುತ್ತುತ್ತ ನಿಂತೆ.

ಈಗ ಲಾರಿಯ ಹಿಂಭಾಗದಲ್ಲಿ ಗೋಣಿಚೀಲ ಎಳೆಯುವ ಸದ್ದು. ಅಣ್ಣ ಊಟ ಬಿಟ್ಟು ಹುಡುಕುತ್ತಿದ್ದಾನೆ, ಅದೇ ಮೊಣಕಾಲು ಊರಿಕೊಂಡು. ಇಲ್ಲದ್ದನ್ನು.

ಈ ಪುಸ್ತಕದಲ್ಲಿ ಕೂತು ಎಲ್ಲರನ್ನೂ ಬೈದಿದ್ದೇನೆ. ಪುಡಿಯವನು, ಗೂಳಿ, ಮೇಸ್ತ್ರಿ. ಅವರಲ್ಲಿ ಒಬ್ಬನೂ ನನ್ನಷ್ಟು ಹೇಸಿಗೆಯವನಲ್ಲ.

ಹೇಳಬೇಕು. ಬರೆದುಕೊಂಡು ಹೋದರೆ ತೊದಲುವುದಿಲ್ಲ.

ಅಣ್ಣಾ, ಬೋಲ್ಟು ಮನೇಲಿದೆ. ನನ್ ಜೇಬಲ್ಲಿತ್ತು. ತೂಕ ಐವತ್ನಾಲ್ಕೇ. ಮೇಸ್ತ್ರಿಗೂ ನಾನೇ ಹೇಳ್ತೀನಿ. ಆದ್ರೆ ನೀನು ಮತ್ತೆ ಆ ಬೀರು ಕೆಳಗೆ ನಿಂತ್ರೆ, ನಿನ್ನಾಣೆ, ನಾನು ಇನ್ನೊಂದು ಮೊಟ್ಟೆ ಮುಟ್ಟಲ್ಲ.