ತೊಂಬತ್ತಮೂರು ಎಂದರೆ ಎಷ್ಟು?

ಮಕ್ಕಳ ಅಂಕಗಳಿಗೆ ಅರ್ಥ ಕೊಡುವ ಕಚೇರಿಯ ಮುಖ್ಯಾಧಿಕಾರಿಗಳೇ, ಮಾನ್ಯರೇ,

ಪ್ರಾಥಮಿಕ ಶಾಲೆಯ ಕೊನೆಯ ಪರೀಕ್ಷೆಯಲ್ಲಿ ನನ್ನ ಮಗಳು ಹಿಂದೆ ಬಿದ್ದಿದ್ದಾಳೆ ಎಂಬ ಸುದ್ದಿಯನ್ನು ತಾವು ಎಷ್ಟು ನಯವಾಗಿ ತಿಳಿಸಿದಿರಿ ಎಂದರೆ, ನಾನು ಅದನ್ನು ಓದಿ ಹಿಗ್ಗಿ ಬೀದಿಗೆಲ್ಲ ಡಂಗುರ ಸಾರಿದೆ. ಮುಂದಿನ ಶಾಲೆಯಲ್ಲಿ ಅವಳಿಗೆ ಸಿಗಬೇಕಿದ್ದ ಪೂರಕ ಬೋಧನೆಯ ಜಾಗ ಆ ಹಿಗ್ಗಿನಲ್ಲೇ ಕೈತಪ್ಪಿತು. ಅದಕ್ಕೆ ಕಾರಣ 'ಪೋಷಕರ ನಿರಾಸಕ್ತಿ' ಎಂದು ತಮ್ಮ ಕಚೇರಿ ಅವಳ ಕಡತದಲ್ಲಿ ಬರೆದುಕೊಂಡಿದೆ. ಈ ಪತ್ರ ಆ ಎರಡು ಪದಗಳ ಬಗ್ಗೆ. ಇದೇ ವಿಷಯವಾಗಿ ತಮಗೆ ಕಳಿಸಿದ ಮೂರು ಅರ್ಜಿಗಳಿಗೆ ಸ್ವೀಕೃತಿ ಸಂಖ್ಯೆ ಬಂತು, ಉತ್ತರ ಬರಲಿಲ್ಲ. ಹಾಗಾಗಿ ಬೇರೆಯವರಾದರೂ ಓದಲಿ ಎಂದು ಪತ್ರಿಕೆಗೆ ಕಳಿಸಿದ್ದೇನೆ. ತಾವು ಓದುತ್ತೀರೆಂಬ ಭರವಸೆ ನನಗಿಲ್ಲ.

ಶಾಲೆಯ ಎದುರು ರಸ್ತೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಎರಡು ಯಂತ್ರ, ಒಂದು ಲ್ಯಾಮಿನೇಷನ್ ಮೆಷಿನ್, ಕೂರಲು ಒಂದು ಸ್ಟೂಲು. ಹದಿನಾರು ವರ್ಷದಿಂದ ಈ ಬಡಾವಣೆಯವರ ಹುಟ್ಟು, ಮದುವೆ, ಮನೆ, ಸಾವು ಎಲ್ಲದರ ಕಾಗದಗಳೂ ನನ್ನ ಗಾಜಿನ ಮೇಲೆ ಬೋರಲು ಮಲಗಿ ಎದ್ದಿವೆ. ತಮ್ಮ ಕಚೇರಿ ಹೊರಡಿಸಿದ 'ಪೋಷಕರಿಗಾಗಿ ಮೌಲ್ಯಮಾಪನ ಮಾರ್ಗದರ್ಶಿ' ಎಂಬ ಹದಿನಾರು ಪುಟದ ಪುಸ್ತಿಕೆಯನ್ನೂ ಶಾಲೆಯವರು ನನ್ನಲ್ಲೇ ಇನ್ನೂರು ಪ್ರತಿ ಮಾಡಿಸಿದರು. ಒಂದು ಪುಟವೂ ಮಸುಕಾಗದಂತೆ, ಒಂದೂ ಓರೆಯಾಗದಂತೆ ನೋಡಿಕೊಂಡು, ಪಿನ್ನು ಹೊಡೆದು, ಕಟ್ಟು ಕಟ್ಟಿ ಕಳಿಸಿದವನು ನಾನೇ. ದೀಪದ ಬುಡದಲ್ಲಿ ಕತ್ತಲೆ ಎನ್ನುವ ಗಾದೆ ಹುಟ್ಟಿದ್ದು ನನ್ನಂಥವರನ್ನು ನೋಡಿಯೇ ಇರಬೇಕು. ಹಾಗೆಂದು ಓದಲು ಪ್ರಯತ್ನಿಸಲಿಲ್ಲ ಎನ್ನಬೇಡಿ. ಒಂದು ಪ್ರತಿ ಮನೆಗೂ ಒಯ್ದಿದ್ದೆ. ಮೊದಲ ವಾಕ್ಯವೇ ಒಂಬತ್ತು ಸಾಲಿತ್ತು. ಅದರ ಕೊನೆ ಮುಟ್ಟುವ ಹೊತ್ತಿಗೆ ಆರಂಭದಲ್ಲಿ ಏನಿತ್ತೆಂಬುದು ಮರೆತುಹೋಗಿತ್ತು. ಎರಡನೆಯ ವಾಕ್ಯಕ್ಕೆ ಧೈರ್ಯ ಬರಲಿಲ್ಲ.

ನನ್ನ ಮಗಳಿಗೆ ಹನ್ನೊಂದು ವರ್ಷ. ಮನೆಯಲ್ಲಿ ಗುಬ್ಬಿ ಎನ್ನುತ್ತೇವೆ. ಬಾಯಿಲೆಕ್ಕದಲ್ಲಿ ನನ್ನನ್ನೇ ಸೋಲಿಸುತ್ತಾಳೆ, ಒಮ್ಮೆ ಕೇಳಿದ ಕತೆಯನ್ನು ಒಂದು ಮಾತೂ ಬಿಡದೆ ತಿರುಗಿ ಹೇಳುತ್ತಾಳೆ, ಆದರೆ ಓದು ಮಾತ್ರ ಬಲು ನಿಧಾನ. ಹೀಗಿರುವಾಗ ತಮ್ಮ ಫಲಿತಾಂಶ ಪತ್ರ ಬಂತು. 'ಓದು: ಮಾನಕೀಕೃತ ಅಂಕ 93. ನಿರೀಕ್ಷಿತ ಮಟ್ಟ 100. ಮಗುವು ನಿರೀಕ್ಷಿತ ಮಟ್ಟದತ್ತ ಸಾಗುತ್ತಿದೆ.' ಇದನ್ನು ನೂರಕ್ಕೆ ತೊಂಬತ್ತಮೂರು ಎಂದು ಓದದೆ ಇನ್ನು ಹೇಗೆ ಓದಬೇಕಿತ್ತು, ಮಾನ್ಯರೇ? ತಮ್ಮ ಅಳತೆ ಎಂಬತ್ತರಿಂದ ಶುರುವಾಗಿ ನೂರಿಪ್ಪತ್ತಕ್ಕೆ ಮುಗಿಯುತ್ತದಂತೆ. ನೂರು ಎಂಬುದು ಪೂರ್ಣಾಂಕವಲ್ಲ, ದಾಟಲೇಬೇಕಾದ ಗೆರೆಯಂತೆ. ಅದರ ಕೆಳಗಿರುವ ಮಗು ಹಿಂದೆ ಬಿದ್ದಿದೆ ಎಂದು ಅರ್ಥವಂತೆ. ಇದಿಷ್ಟೂ ಪುಸ್ತಿಕೆಯ ಹನ್ನೊಂದನೇ ಪುಟದ ಅಡಿಟಿಪ್ಪಣಿಯಲ್ಲಿದೆ. ಎಂಬತ್ತರಿಂದ ಶುರುವಾಗುವ ಅಳತೆಯನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ಇನ್ನು ಆ 'ಸಾಗುತ್ತಿದೆ' ಎಂಬ ಮಾತು. ಬಸ್ಸು ತಪ್ಪಿಸಿಕೊಂಡು ನಡೆದು ಹೊರಟವನೂ ಊರಿನತ್ತ ಸಾಗುತ್ತಲೇ ಇರುತ್ತಾನೆ! ಪತ್ರದ ಕೆಳತುದಿಯಲ್ಲಿ, ಚುಕ್ಕೆಗೆರೆಯ ಆಚೆ, ಹರಿದು ಕೊಡಬೇಕಾದ ಚೀಟಿಯೊಂದಿತ್ತು. 'ಪೂರಕ ಬೋಧನೆಗೆ ಸಮ್ಮತಿ. ಅನ್ವಯಿಸಿದಲ್ಲಿ ಮಾತ್ರ. ಹತ್ತು ದಿನದೊಳಗೆ.' ತೊಂಬತ್ತಮೂರು ತೆಗೆದ ಮಗುವಿಗೆ ಇದು ಅನ್ವಯಿಸುವುದಿಲ್ಲ ಎಂದುಕೊಂಡೆ.

ನನ್ನ ಹೆಂಡತಿಗೆ ಆಗಲೇ ಅನುಮಾನ ಬಂದಿತ್ತು. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಚೀಟಿಯಲ್ಲಿ ಬರೆದ ಯಾವ ಅಂಕಿಯನ್ನೂ ಎರಡು ಸಲ ನೋಡದೆ ಬಿಡುವುದಿಲ್ಲ.

"ರೀ, ನಮ್ಮ ಗುಬ್ಬಿಗೆ ತೊಂಬತ್ಮೂರಾ? ಅದೂ ಓದೋದ್ರಲ್ಲಿ? ಒಂದ್ಸಲ ಟೀಚರ್‌ನ ಕೇಳ್ಕೊಂಡು ಬನ್ನಿ."

"ಮಗಳು ಗೆದ್ದಳು ಅಂದ್ರೆ ಹೆತ್ತವಳಿಗೇ ನಂಬಿಕೆ ಇಲ್ವಲ್ಲ! ಎಂಥ ತಾಯಿನೇ ನೀನು?" ಎಂದೆ.

ಆ ಮಾತಾಡಿದ ನಾಲಿಗೆಯನ್ನು ಇವತ್ತಿಗೂ ಶಪಿಸಿಕೊಳ್ಳುತ್ತೇನೆ. ಅವಳು ಎದ್ದು ಅಡುಗೆಮನೆಗೆ ಹೋದಳು. ಗುಬ್ಬಿ ಊಟದ ತಟ್ಟೆ ನೋಡುತ್ತ ಕೂತಿದ್ದಳು. ಹೊಗಳಿದ್ದಕ್ಕೆ ನಾಚಿಕೊಂಡಿರಬೇಕು ಎಂದುಕೊಂಡೆ.

ಮರುದಿನ ಅಂಗಡಿ ತೆರೆದು ಮಾಡಿದ ಮೊದಲ ಕೆಲಸ ಆ ಪತ್ರವನ್ನು ಲ್ಯಾಮಿನೇಷನ್ ಮಾಡಿದ್ದು. ದಪ್ಪ ಶೀಟು ಹಾಕಿ, ಮೆಷಿನ್ನಿನ ವೇಗ ತಗ್ಗಿಸಿ, ಒಂದು ಗುಳ್ಳೆಯೂ ಏಳದಂತೆ ಮಾಡಿದೆ. ಹರಿದರೆ ಪತ್ರದ ಅಂದ ಕೆಡುತ್ತದೆಂದು ಕೆಳಗಿನ ಚೀಟಿಯನ್ನೂ ಹಾಗೇ ಸೇರಿಸಿದೆ. ಗಿರಾಕಿಗಳ ಕಣ್ಣಿಗೆ ಬೀಳುವಂತೆ ಗೋಡೆಗೆ ಹಾಕಿದೆ. ಅದನ್ನು ನೋಡಿ ಬೇರೆ ತಂದೆತಾಯಿಗಳೂ ತಮ್ಮ ಮಕ್ಕಳ ಪತ್ರ ಹಿಡಿದು ಬಂದರು. "ನಮ್ಮದೂ ಹಂಗೇ ಮಾಡ್ಕೊಡಿ" ಎಂದರು. ಆ ವಾರ ಒಂಬತ್ತು ಮನೆಯ ಪತ್ರಗಳನ್ನು ಚೀಟಿ ಸಮೇತ ಪ್ಲಾಸ್ಟಿಕ್ಕಿನೊಳಗೆ ಭದ್ರ ಮಾಡಿದೆ. ಕಾಗದವನ್ನು ಕಾಪಾಡುವುದೇ ನನ್ನ ಕಸುಬು.

ಪತ್ರ ಬಂದ ಹನ್ನೆರಡನೇ ದಿನ ಗುಬ್ಬಿಯ ಟೀಚರ್ ಏನೋ ಪ್ರತಿ ಮಾಡಿಸಲು ಅಂಗಡಿಗೆ ಬಂದರು. ಗೋಡೆ ನೋಡಿದವರೇ ಪತ್ರದ ಹತ್ತಿರ ಹೋದರು.

"ಇದನ್ನ ಯಾಕೆ ಇಲ್ಲಿ ಹಾಕಿದೀರಾ?"

"ಹೆಮ್ಮೆ ಮೇಡಂ! ಎಲ್ಲಾ ನಿಮ್ಮ ಶ್ರಮ."

"ಅಯ್ಯೋ, ಚೀಟಿ ಇನ್ನೂ ಇದರಲ್ಲೇ ಇದೆಯಲ್ರೀ! ನೀವೇ ಬೇಡ ಅಂದ್ರಿ ಅಂದ್ಕೊಂಡಿದ್ದೆ ನಾನು."

"ಬೇಡ ಅಂದ್ನಾ? ಏನು ಬೇಡ ಅಂದೆ?"

ಅವರು ಕಸದ ಬುಟ್ಟಿಯಿಂದ ಒಂದು ಕೆಟ್ಟ ಪ್ರತಿ ಎತ್ತಿಕೊಂಡು, ಅದರ ಹಿಂದೆ ಒಂದು ಗೆರೆ ಎಳೆದು, ನಡುವೆ ನೂರು ಎಂದು ಬರೆದು, ಎಡಕ್ಕೆ ಗುಬ್ಬಿ ನಿಂತ ಜಾಗದಲ್ಲಿ ಒಂದು ಚುಕ್ಕೆ ಇಟ್ಟು ತೋರಿಸಿದರು. ಪೂರಕ ಬೋಧನೆ ಎಂದರೆ ಎಂಟೇ ಮಕ್ಕಳಿಗೆ ಒಬ್ಬ ಟೀಚರ್, ಒಂದಿಡೀ ವರ್ಷ ದಿನವೂ ಒಂದು ತಾಸು ಓದು ಕಲಿಸುವ ತರಗತಿ ಅದು, ಗುಬ್ಬಿಯಂಥವರಿಗೆಂದೇ ಇರುವುದು ಎಂದರು. ಎಲ್ಲ ಸೇರಿ ಎರಡು ನಿಮಿಷ ಹಿಡಿಯಿತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಫಲಿತಾಂಶದ ಬಗ್ಗೆ ನಾವು ಬಾಯಿಮಾತಲ್ಲಿ ವಿವರಿಸೋ ಹಾಗಿಲ್ಲ. ಪುಸ್ತಿಕೆ ನೋಡಿ ಅಂತ ಮಾತ್ರ ಹೇಳ್ಬೇಕು ಅಂತ ಸುತ್ತೋಲೆ ಬಂದಿದೆ" ಎಂದರು. ಆ ಸುತ್ತೋಲೆಯ ಕೆಳಗಿನ ಸಹಿ ಯಾರದೆಂದು ತಮಗೆ ನೆನಪಿಸಬೇಕೇ?

ಅಂಗಡಿ ಷಟರ್ ಎಳೆದು ತಮ್ಮ ಕಚೇರಿಗೆ ಓಡಿದೆ. ಹೊರಡುವ ಮುನ್ನ ಪ್ಲಾಸ್ಟಿಕ್ ಸಮೇತ ಚೀಟಿಯನ್ನು ಕತ್ತರಿಸಿ, ಮಾರ್ಕರ್ ಪೆನ್ನಿನಲ್ಲಿ ಸಹಿ ಹಾಕಿಕೊಂಡಿದ್ದೆ. ಎರಡನೇ ಕಿಟಕಿಯ ಗುಮಾಸ್ತರು ಕೆಟ್ಟವರಲ್ಲ. "ಎರಡು ದಿನ ಹೆಚ್ಚಾಗಿದೆ, ಪರ್ವಾಗಿಲ್ಲ, ಹದಿನೈದನೇ ದಿನದ ತನಕ ತಗೋತೀವಿ" ಎಂದು ಕೈಚಾಚಿದರು. ಹೋದ ಜೀವ ಬಂದಂತಾಯಿತು. ಅವರು ಮೊಹರು ಒತ್ತಿದರು. ಶಾಯಿ ಜಾರಿತು. ಒರೆಸಿ ಮತ್ತೊಮ್ಮೆ ಒತ್ತಿದರು. ಮತ್ತೂ ಜಾರಿತು.

"ಸೀಲು ನಿಲ್ತಾನೇ ಇಲ್ವಲ್ರೀ. ಇದನ್ನ ಬಿಡಿಸ್ಕೊಂಡು ಬನ್ನಿ."

"ಬಿಡಿಸಕ್ಕಾಗಲ್ಲ ಸಾರ್. ಬಿಡಿಸಿದ್ರೆ ಅಕ್ಷರಾನೂ ಕಿತ್ಕೊಂಡು ಬರತ್ತೆ. ಜೆರಾಕ್ಸ್ ಕೊಡ್ಲಾ? ಇಲ್ಲೇ ಐದು ನಿಮಿಷದಲ್ಲಿ ತರ್ತೀನಿ."

"ಅಸಲೇ ಆಗ್ಬೇಕು. ಇಲ್ಲಾಂದ್ರೆ ಹೊಸ ಚೀಟಿಗೆ ಅರ್ಜಿ ಹಾಕಿ, ಮೂವತ್ತು ದಿನದಲ್ಲಿ ಬರತ್ತೆ."

"ಇನ್ನು ಮೂರೇ ದಿನ ಇರೋದಲ್ವಾ ಸಾರ್?"

"ಹೌದು," ಎಂದರು ಅವರು, ಕೂರಲು ಕುರ್ಚಿ ಎಳೆದುಕೊಟ್ಟರು.

ಮೂರು ದಿನ ಕಳೆದು ಪಟ್ಟಿ ಮುಚ್ಚಿತು. ಬೇರೆಯವರ ಮೇಲೆ ತಪ್ಪು ಹೊರಿಸಿ ತಪ್ಪಿಸಿಕೊಳ್ಳುವ ಆಸೆ ನನಗಿಲ್ಲ. ಚೀಟಿಗೆ ಬಿಸಿ ಕೊಟ್ಟ ಕೈ ನನ್ನದೇ. ಆದರೆ ತಾವು ತಪ್ಪು ಎನ್ನಲಿಲ್ಲವಲ್ಲ, ನಿರಾಸಕ್ತಿ ಎಂದಿರಿ. ಮಗಳ ಪತ್ರವನ್ನು ದಪ್ಪ ಶೀಟಿನಲ್ಲಿ ಭದ್ರ ಮಾಡಿ ಗೋಡೆಗೆ ಹಾಕಿದವನಿಗೆ ಮಗಳ ಮೇಲೆ ಆಸಕ್ತಿಯಿಲ್ಲವೇ?

ನಾನು ಮುಚ್ಚಿಕೊಟ್ಟ ಒಂಬತ್ತು ಪತ್ರಗಳಲ್ಲಿ ನಾಲ್ಕು ನೂರರ ಕೆಳಗಿದ್ದವು. ಆ ಮೂರು ದಿನದೊಳಗೆ ನಾಲ್ಕೂ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಮೂವರು ಕಚೇರಿಗೆ ಹೋಗಿ ನನ್ನಂತೆಯೇ ವಾಪಸಾದರು. ನಾಲ್ಕನೆಯ ಮನೆಯ ತಾಯಿ ಬಾಗಿಲಲ್ಲೇ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡರು. "ನಮ್ಮ ಮಗನಿಗೆ ತೊಂಬತ್ತಾರು, ನಿಮ್ಮ ಮಗಳಿಗೆ ತೊಂಬತ್ಮೂರು. ಅದಕ್ಕೇ ಹೊಟ್ಟೆ ಉರಿ ಅಲ್ವಾ ಅಣ್ಣ?" ಎಂದು ಬಾಗಿಲು ಹಾಕಿಕೊಂಡರು. ಆ ಪತ್ರ ಅವರ ಮನೆಯ ಪಡಸಾಲೆಯಲ್ಲಿ ಈಗಲೂ ಇದೆಯಂತೆ. ನಾನು ಮತ್ತೆ ಹೋಗಲಿಲ್ಲ. ಒಂದು ಮನೆಯಲ್ಲಾದರೂ ಸಂತೋಷ ಉಳಿಯಲಿ ಎನ್ನಿಸಿತು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಅದಾಗಿ ಮೂರು ವಾರಕ್ಕೆ ತಾವು ಶಾಲೆಯ ಸಭಾಂಗಣದಲ್ಲಿ 'ಪೋಷಕರ ಅರಿವು ಸಭೆ' ನಡೆಸಿದಿರಿ. ಅದೂ ದುಡಿಯುವವರೆಲ್ಲ ಕೆಲಸದಲ್ಲಿರುವ ಮಧ್ಯಾಹ್ನದ ಹೊತ್ತಿಗೆ. ನೂರು ಕುರ್ಚಿಗಳಲ್ಲಿ ಹದಿನಾಲ್ಕು ಜನ ಕೂತಿದ್ದೆವು. ತಮ್ಮ ಪ್ರತಿನಿಧಿ ಪುಸ್ತಿಕೆಯ ಪುಟಗಳನ್ನೇ ಪರದೆಯ ಮೇಲೆ ಹಾಕಿ, ನಮಗೆ ಬೆನ್ನು ತೋರಿಸಿ ನಿಂತು, ಗಟ್ಟಿಯಾಗಿ ಓದಿದರು. ನಾನು ಎದ್ದು ನಿಂತು ಕೇಳಿದೆ, "ಸಾರ್, ಸಹಾಯ ಬೇಕಾದ ಮಗುವಿನ ಮನೆಗೆ ಸಹಾಯ ಬೇಕು ಅಂತಲೇ ಬರೆದು ಕಳಿಸಿದ್ರೆ ಏನಾಗತ್ತೆ?" ಅವರು ಕನ್ನಡಕ ಸರಿಮಾಡಿಕೊಂಡು, "ಮಗುವಿನ ಮನಸ್ಸಿಗೆ ನೋವಾಗಬಾರದು ಎಂಬ ಕಾರಣಕ್ಕೆ ಸಕಾರಾತ್ಮಕ ಭಾಷೆ ಬಳಸಲಾಗಿದೆ" ಎಂದರು. ಆಮೇಲೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡರು.

ಮಗುವಿನ ಮನಸ್ಸಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಗುಬ್ಬಿಗೆ ಎಲ್ಲ ಗೊತ್ತಿತ್ತು. ಫಲಿತಾಂಶ ಬಂದ ದಿನವೇ ಮಕ್ಕಳು ತಮ್ಮತಮ್ಮಲ್ಲೇ ನೂರರ ಮೇಲಿನವರು, ಕೆಳಗಿನವರು ಎಂದು ಎರಡು ಗುಂಪಾಗಿದ್ದರಂತೆ. ತಮ್ಮ ಸಕಾರಾತ್ಮಕ ಭಾಷೆ ಮಕ್ಕಳಿಗೆ ಅರ್ಥವಾಯಿತು, ಅರ್ಥವಾಗದೆ ಉಳಿದವರು ನಾವು. ಯಾಕೆ ಹೇಳಲಿಲ್ಲ ಮಗಳೇ ಎಂದು ಕೇಳಿದೆ. "ನೀನು ಎಲ್ಲರ್ಗೂ ತೋರಿಸ್ತಿದ್ಯಲ್ಲ ಅಪ್ಪ. ನಿನ್ನ ಅಷ್ಟು ಖುಷಿಯಾಗಿ ನಾನು ನೋಡೇ ಇರ್ಲಿಲ್ಲ" ಎಂದಳು. ಈಗ ಅವಳು ಹೊಸ ಶಾಲೆಯಲ್ಲಿ ನಲವತ್ತೆರಡು ಮಕ್ಕಳ ನಡುವೆ ಕೊನೆಯ ಬೆಂಚಿನಲ್ಲಿದ್ದಾಳೆ. ಹೋದ ವಾರ ಅಲ್ಲಿಯ ಮೊದಲ ಪರೀಕ್ಷೆಯ ಹಾಳೆ ತಂದಳು. ನಾನು ಅಂಕಿಯನ್ನೇ ನೋಡುತ್ತ ಕೂತೆ, ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳೇ ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದಳು. "ಅಪ್ಪ, ಇದು ಚೆನ್ನಾಗಿಲ್ಲ. ಆದ್ರೆ ಇವತ್ತೊಂದಿನ ಖುಷಿಯಾಗಿರ್ಬೇಕು ಅನ್ಸಿದ್ರೆ ಇರು, ನಾನು ಯಾರಿಗೂ ಹೇಳಲ್ಲ."

ಮಾನ್ಯರೇ, ಜಾಗ ಮರಳಿ ಕೊಡಿ ಎಂದು ನಾನು ಕೇಳುತ್ತಿಲ್ಲ, ಅದು ಸಿಗುವುದಿಲ್ಲವೆಂದು ಗೊತ್ತಿದೆ. ಮುಂದಿನ ವರ್ಷದ ಪತ್ರದಲ್ಲಿ 'ನಿಮ್ಮ ಮಗುವಿಗೆ ಓದಲು ಸಹಾಯ ಬೇಕು, ಇಲ್ಲಿ ಸಹಿ ಮಾಡಿ' ಎಂದು ಮೊದಲ ಸಾಲಿನಲ್ಲೇ ಹಾಕಿ ಎಂದು ಕೇಳುತ್ತೇನೆ, ಹಾಕುವುದಿಲ್ಲವೆಂದೂ ಬಲ್ಲೆ. ಆದರೆ ಅವಳ ಕಡತದ ಆ ಎರಡು ಪದಗಳನ್ನು ಹೊಡೆದುಹಾಕಿ. ಬದಲಿಗೆ ದಡ್ಡ ಪೋಷಕ ಎಂದು ಬರೆಯಿರಿ, ಬೇಕಿದ್ದರೆ ಅದರ ಕೆಳಗೆ ನಾನೇ ಸಹಿ ಹಾಕುತ್ತೇನೆ. ಶಾಲೆ ಮುಗಿದ ದಿನ ಆ ಕಡತ ಅವಳ ಕೈಗೇ ಬರುತ್ತದೆ. ನನ್ನ ಮಗಳು ನಿಧಾನವಾಗಿ ಓದುತ್ತಾಳೆ, ನಿಜ, ಆದರೆ ಓದದೆ ಬಿಡುವವಳಲ್ಲ. ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ಒಂದೊಂದೇ ಅಕ್ಷರ ಕೂಡಿಸಿ, ತನ್ನ ಅಪ್ಪನಿಗೆ ತಾನು ಬೇಕಿರಲಿಲ್ಲ ಎಂದು ಅವಳು ಓದಬಾರದು.

ಇಂತಿ,
ಅಕ್ಷರ ಬಲ್ಲ, ತಮ್ಮ ಪತ್ರ ಓದಲು ಬಾರದ
ಒಬ್ಬ ಅಪ್ಪ