ನಾಗರಿಯಲ್ಲಿ ಬರೆದ ಕನ್ನಡ ಕಥೆ

೬ ಜನವರಿ ೨೦೧೩, ಭಾನುವಾರ
ನಾಸಿಕ್ ರೋಡಿನ ನಮ್ಮ ಮನೆಯ ತಿಂಗಳ ಓದುಗೂಟ ಮುಗೀತು. ಎಂಟು ಜನ. ನರಹರಿಯವರು ಮತ್ತೆ ಅದೇ ನಿವೃತ್ತಿಯ ಪದ್ಯ ಓದಿದರು. ಹೊಸಬಳೊಬ್ಬಳು ಬಂದಿದ್ದಳು— ಉಮಾಶ್ರೀ. ಸ್ಟೇಷನ್ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಗುಲ್ಬರ್ಗಾ ಕಡೆಯವರು. ಅವ್ವ ಕಸ್ತೂರಿಬಾಯಿ ಔರಂಗಾಬಾದ್ ಹತ್ತಿರದ ಸಿಲ್ಲೋಡಿನ ಹತ್ತಿ ಮಿಲ್ಲಿನಲ್ಲಿ ಕೂಲಿ. ನೋಟ್‌ಬುಕ್ ನೋಡಿ ದಂಗಾದೆ: ಕಥೆ ಕನ್ನಡ, ಅಕ್ಷರ ಪೂರ್ತಿ ದೇವನಾಗರಿ!
"ಮರಾಠಿ ಸಾಲ್ಯಾಗ ಕಲ್ತೀನ್ರಿ. ಕನ್ನಡ ಅಕ್ಷರ ಬರಂಗಿಲ್ಲ."
ಅವ್ವನ ಕಥೆ. ಓದಿದಳು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ನಮಗೆಲ್ಲ.

೯ ಜನವರಿ
ಔರಂಗಾಬಾದಿನ ಕನ್ನಡ ಸಮ್ಮೇಳನದಲ್ಲಿ ಹೊಸ ಬರಹಗಾರರ ಗೋಷ್ಠಿ ಇದೆ. ಐದೇ ಜನಕ್ಕೆ ಜಾಗ. ಉಮಾಶ್ರೀ ಹೆಸರು ಹೇಳಿದೆ. ಸಂಚಾಲಕ ರತ್ನಾಕರ ಫೋನಿನಲ್ಲಿ, "ಮೇಡಂ, ಕನ್ನಡ ಲಿಪಿಯಲ್ಲೇ ಬೇಕು. ಹದಿನೈದರೊಳಗೆ ಕಳಿಸಿ."
ಕಳಿಸ್ತೀನಿ ಅಂದೆ. ಬ್ಯಾಂಕ್ ಕೆಲಸ ಮುಗಿಸಿ ಬಂದವಳೇ ಅವಳ ನೋಟ್‌ಬುಕ್ ಇಟ್ಟುಕೊಂಡು ಕನ್ನಡ ಅಕ್ಷರದಲ್ಲಿ ಬರೆಯೋಕೆ ಕೂತೆ.

೧೩ ಜನವರಿ
ಮುಗೀತು! ಸ್ವಲ್ಪ ತಿದ್ದಿದೆ ಕೂಡ. 'ಆಕಿ' ಇದ್ದಲ್ಲಿ 'ಅವಳು', 'ಒದರಿದ್ಳು' ಇದ್ದಲ್ಲಿ 'ಕೂಗಿದಳು'. ಮೈಸೂರಿನವಳು ನಾನು, ಕೈ ಸುಮ್ಮನಿರಲ್ಲ. ನೀಟಾಗಿ ಬಂದಿದೆ.

೧೪ ಜನವರಿ, ಸಂಜೆ
ಅವಳಿಗೆ ಓದಿ ಹೇಳಿದೆ. ನಗಲಿಲ್ಲ. ಕೂಲಿಗಳ ಮೇಸ್ತ್ರಿ, ಆ ಮುಕಾದಮನ ಜೊತೆ ಅವ್ವ ಜಗಳಾಡೋ ಕಡೆಯೂ ನಗಲಿಲ್ಲ.
"ಚಂದ ಅದರಿ ಅಕ್ಕಾ. ಆದ್ರ ಇದ್ರಾಗ ನಮ್ಮವ್ವ ಎಲ್ಲಿ ಹೋದ್ಳು? ಈಕಿ ಯಾರೋ ಟೀಚರ್ ಇದ್ದಂಗ ಅದಾಳ."
ಮುಖ ಬಿಸಿಯಾಯ್ತು. ಸಹಾಯ ಮಾಡ್ತಿದೀನಿ ಅಂದ್ಕೊಂಡಿದ್ದೆ... ಸಾರಿ ಅಂದೆ. ಹಾಳೆ ಹರಿದೆ. ಅವಳು ಹೇಳ್ತಾ ಹೋದಳು, ನಾನು ಹೇಳಿದ್ದು ಹೇಳಿದ ಹಾಗೇ ಬರೆದೆ. ಒಂಬತ್ತಕ್ಕೆ ಮುಗೀತು. ಬೆಳಿಗ್ಗೆಯೇ ಕೊರಿಯರ್.

೨೫ ಜನವರಿ
ಐವರಲ್ಲಿ ಉಮಾಶ್ರೀ ಒಬ್ಬಳು!! ಅಂಗಡಿಗೇ ಓಡಿಹೋಗಿ ಹೇಳಿದೆ. ಮಷೀನ್ ನಿಲ್ಲಿಸದೇ ಕುಣಿದಳು. ಯಾರದೋ ರೇಷನ್ ಕಾರ್ಡು ಇಪ್ಪತ್ತು ಕಾಪಿ ಬಂತು.

೧೦ ಫೆಬ್ರವರಿ, ಔರಂಗಾಬಾದ್
ಹಾಲ್ ತುಂಬಿತ್ತು. ಕಸ್ತೂರಿಬಾಯಿ ಸಿಲ್ಲೋಡಿನಿಂದ ಬಸ್ಸಲ್ಲಿ ಬಂದು ಸೀದಾ ಮೊದಲ ಸಾಲಲ್ಲಿ ಕೂತರು. ವಾಲಂಟಿಯರ್ "ಇದು ವಿಐಪಿ ಸೀಟು" ಅಂದರೆ, "ಹೌದಲ್ಲ, ಅದಕ್ಕ ಕುಂತೀನಿ!"
ಉಮಾಶ್ರೀ ತನ್ನ ನಾಗರಿ ನೋಟ್‌ಬುಕ್ ತೆರೆದು ಓದೋಕೆ ಶುರು ಮಾಡಿದಳು. ನಾನು ಸೀರೆ ಸೆರಗು ಹಿಂಡ್ತಾ ಕೂತಿದ್ದೆ. ಮುಕಾದಮನ ಜಗಳ ಬಂದಾಗ ಹಾಲೆಲ್ಲ ನಗು. ಅಷ್ಟರಲ್ಲಿ ಕಸ್ತೂರಿಬಾಯಿ ಎದ್ದು ನಿಂತರು.
"ಏ, ಅರ್ಧಾ ಬಿಟ್ಟೀಯಲ್ಲ! ನಾ ಬರೇ ಬೈದಿಲ್ಲ. ಹತ್ತಿ ಚೀಲಾ ಅವನ ಮ್ಯಾಲ ಹಾಕೀನಿ!"
ಉಮಾಶ್ರೀ ಅಲ್ಲೇ ಪೆನ್ನು ತೆಗೆದು ಬರೆದುಕೊಂಡಳು. ಚಪ್ಪಾಳೆ ನಿಲ್ಲಲೇ ಇಲ್ಲ. ಆಮೇಲೆ ರತ್ನಾಕರ ಮೈಕ್ ಹಿಡಿದು, ಮುಂದಿನ ವರ್ಷದಿಂದ ಯಾವ ಲಿಪಿಯಾದರೂ ಸರಿ ಅಂದರು. ಎಲ್ಲರೆದುರೇ.

೩ ಮಾರ್ಚ್, ಭಾನುವಾರ, ಸಂಜೆ ೫.೨೦
ಓದುಗೂಟ ಆರಕ್ಕೆ. ಉಮಾಶ್ರೀ ಈಗಲೇ ಬಂದಿದಾಳೆ, ಜೊತೆಗೆ ನಾಲ್ವರು ಹೆಂಗಸರು. ಒಬ್ಬರು ಬೀದರಿನವರು, ಮೆಸ್ಸಿಗೆ ರೊಟ್ಟಿ ಬಡಿಯೋರು. ಹಳೇ ಕ್ಯಾಲೆಂಡರಿನ ಬೆನ್ನಿಗೆ ಹನ್ನೊಂದು ಪುಟ ಬರೆದು ತಂದಿದಾರೆ. ಕುರ್ಚಿ ಸಾಲದು, ಚಾಪೆ ಹಾಸಿದೆ. ಆರರವರೆಗೆ ಕಾಯೋಣ ಅಂದೆ. ಬೀದರಿನವರು ಕೇಳಲಿಲ್ಲ, ಗಂಟಲು ಸರಿಮಾಡಿಕೊಂಡು ಶುರು ಮಾಡೇಬಿಟ್ಟರು. ಮೊದಲ ಸಾಲೇ— ಅಯ್ಯೋ, ತಡೀರಿ, ನಾನೂ ಬಂದು ಕೂ—